ಉದ್ಯೋಗಸ್ಥಾನದಲ್ಲಿ ತೇಜೋವಧೆ

ಕಳೆದ ಚಾತುರ್ಮಾಸ್ಯದ ಒಂದು ಭಾನುವಾರ. ಮಠದ ಶಾಖೆಯಲ್ಲಿ ತೀರ್ಥಪ್ರಸಾದ ಮುಗಿದು ಹಿರಿಯರೆಲ್ಲ ಕಂಬಗಳಿಗೆ ಒರಗಿ ಕುಳಿತಿದ್ದೆವು. ಪರಿಚಿತರೊಬ್ಬರ ಮಗ ಬಂದು ಪಕ್ಕದಲ್ಲಿ ಕುಳಿತ. ಪುಣೆಯ ಒಂದು ಕಂಪೆನಿಯಲ್ಲಿ ಉದ್ಯೋಗಿ. ಮೂರು ವರ್ಷಗಳಲ್ಲಿ ಎರಡು ಕೆಲಸ ಬಿಟ್ಟಿದ್ದಾನೆ, ಈಗ ಮೂರನೆಯದನ್ನೂ ಬಿಡುವ ಮಾತಾಡುತ್ತಿದ್ದಾನೆ ಎಂಬುದು ಅವನ ತಂದೆಯ ಚಿಂತೆ. ಬುದ್ಧಿ ಹೇಳಲೆಂದು ಅವರೇ ಅವನನ್ನು ನನ್ನ ಬಳಿಗೆ ಕಳುಹಿಸಿದ್ದರು. ಸಂಬಳ ಸಾಲದೇ, ಕೆಲಸ ಕಠಿಣವೇ ಎಂದು ಕೇಳಿದೆ.

"ಕೆಲಸದ್ದೇನೂ ಇಲ್ಲ ಕಾಕಾ. ಕೆಲಸ ನನಗ ಸೇರತದ. ಆದರ ಮೀಟಿಂಗಿನ್ಯಾಗ ನಾ ಬಾಯಿ ತೆಗದ್ರ ಮ್ಯಾನೇಜರ್ ನಗತಾನ. ಅವ ನಕ್ಕ ಅಂತ ಉಳದವರೂ ನಗತಾರ. ಈಗ ತಪ್ಪು ಕಂಡ್ರೂ ಸುಮ್ಮನ ಕೂಡತೀನಿ" ಎಂದ.

ಹಿರಿಯರೆನಿಸಿಕೊಂಡವರು ಇಂಥ ಸಂದರ್ಭದಲ್ಲಿ ಹೇಳುವ ಮಾತನ್ನೇ ನಾನೂ ಹೇಳಿದೆ: ಮೇಲಿನವನು ಹೇಗಾದರೂ ಇರಲಿ, ನಮ್ಮ ಕರ್ತವ್ಯವನ್ನು ನಾವು ಫಲಾಪೇಕ್ಷೆಯಿಲ್ಲದೆ ಮಾಡಬೇಕು, ಮನಸ್ಸನ್ನು ಇನ್ನೊಬ್ಬರ ಕೈಗೆ ಕೊಡಬಾರದು. ಹುಡುಗ ವಿನಯದಿಂದ ಕೇಳಿಸಿಕೊಂಡು, "ಖರೇ ಕಾಕಾ. ಆದರ ಇದನ್ನ ನಮ್ಮ ಮ್ಯಾನೇಜರ್‌ನೂ ಹೇಳತಾನ" ಎಂದ.

ನಾನು ನಿರುತ್ತರನಾದೆ. ಮೂವತ್ತಾರು ವರ್ಷ ರೈಲ್ವೆಯ ಸಂಚಾಲನಾ ಶಾಖೆಯಲ್ಲಿ ದುಡಿದು, ಆದೇಶ ಪಾಲಿಸುವವರಲ್ಲಿಯೂ ಆದೇಶ ಕೊಡುವವರಲ್ಲಿಯೂ ಒಬ್ಬನಾಗಿದ್ದ ನನಗೆ ಆ ಒಂದು ವಾಕ್ಯ ಹಲವು ರಾತ್ರಿಗಳ ನಿದ್ರೆಯನ್ನು ಕೆಡಿಸಿತು. ನಿಷ್ಕಾಮಕರ್ಮದ ಉಪದೇಶ ಸತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಯಾರು, ಯಾರಿಗೆ ಹೇಳಬೇಕು? ಕೆಲಸಗಾರನ ಉತ್ಸಾಹವೋ ಉದಾಸೀನತೆಯೋ ಅವನೊಬ್ಬನ ಅಂತಃಕರಣದ ವಿಷಯವೇ, ಅಥವಾ ಮೇಲಿರುವವರಿಗೂ ಪಕ್ಕದಲ್ಲಿರುವವರಿಗೂ ಅದರಲ್ಲಿ ಪಾಲಿದೆಯೇ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವ ಮೊದಲು ನನ್ನದೇ ಒಂದು ಅಪರಾಧವನ್ನು ನಿವೇದಿಸಿಕೊಳ್ಳಬೇಕಾಗಿದೆ.

1991ರ ಸುಮಾರಿಗೆ ನಾನು ದಕ್ಷಿಣದ ಒಂದು ಏಕಮಾರ್ಗ ವಿಭಾಗದಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿದ್ದೆ. ಈ ಹುದ್ದೆಯ ಸ್ವರೂಪ ಎಲ್ಲರಿಗೂ ತಿಳಿದಿರಲಾರದು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಎದುರಿಗೆ ನಕಾಶೆಯಂಥ ದೊಡ್ಡ ಚಾರ್ಟು ಹರಡಿಕೊಂಡು, ಎಂಟು ಗಂಟೆಗಳ ಕಾಲ ಹತ್ತಿಪ್ಪತ್ತು ನಿಲ್ದಾಣಗಳ ಗಾಡಿಗಳನ್ನು ಪೆನ್ಸಿಲಿನಿಂದ ಗೆರೆಯೆಳೆದು ನಡೆಸುವ ಕೆಲಸ ಆಗ ಅದಾಗಿತ್ತು. ಎಲ್ಲ ನಿಲ್ದಾಣಗಳಿಗೂ ಒಂದೇ ತಂತಿ. ಒಬ್ಬ ಸ್ಟೇಷನ್ ಮಾಸ್ಟರನಿಗೆ ಆಡಿದ ಮಾತನ್ನು ಫೋನೆತ್ತಿದ ಬೇರೆ ಯಾವ ನಿಲ್ದಾಣದವನೂ ಕೇಳಬಹುದು. ನಡುರಾತ್ರಿಯಲ್ಲಿ, ಬೇರೆ ಮನುಷ್ಯಧ್ವನಿಯೇ ಇಲ್ಲದ ಊರಾಚೆಯ ನಿಲ್ದಾಣಗಳಲ್ಲಿ, ಕೇಳುವವರೂ ಇರುತ್ತಾರೆ.

ಒಂದು ರಾತ್ರಿ ಸಣ್ಣ ನಿಲ್ದಾಣವೊಂದರ ಸಹಾಯಕ ಸ್ಟೇಷನ್ ಮಾಸ್ಟರರು ಮಾತಾಡಿದರು. ನನಗಿಂತ ಹನ್ನೆರಡು ವರ್ಷ ಹಿರಿಯರು. ಹಾದುಹೋದ ಗೂಡ್ಸ್ ಗಾಡಿಯ ಒಂದು ವ್ಯಾಗನ್ನಿನಿಂದ ಸುಟ್ಟ ವಾಸನೆ ಬಂತು, ಹಾಟ್ ಆಕ್ಸಲ್ ಇರಬಹುದು, ಮುಂದಿನ ನಿಲ್ದಾಣದಲ್ಲಿ ನಿಲ್ಲಿಸಿ ಎಂದರು. ಚಕ್ರದ ಅಚ್ಚಿನ ತುದಿ ಕೂರುವ ಪೆಟ್ಟಿಗೆಯಲ್ಲಿ ಎಣ್ಣೆ ಒಣಗಿದರೆ ಅದು ಕಾದು ಕೆಂಪಾಗುತ್ತದೆ. ಹಾಗೆಯೇ ಓಡಿಸಿದರೆ ಅಚ್ಚು ಮುರಿದು ಗಾಡಿ ಹಳಿ ತಪ್ಪುವುದುಂಟು. ನಿಲ್ಲಿಸಿದೆ. ಗಾರ್ಡು, ಡ್ರೈವರು ದೀಪ ಹಿಡಿದು ಎಲ್ಲ ವ್ಯಾಗನ್ನುಗಳನ್ನೂ ಮುಟ್ಟಿ ನೋಡಿದರು. ಒಂದರ ಬ್ರೇಕು ಚಕ್ರಕ್ಕೆ ಹಿಡಿದುಕೊಂಡಿತ್ತು, ಅಷ್ಟೇ. ಆಕ್ಸಲ್ಲಿಗೆ ಏನೂ ಆಗಿರಲಿಲ್ಲ. ಐವತ್ತು ನಿಮಿಷ ಹೋಯಿತು, ಹಿಂದೆ ಬರುತ್ತಿದ್ದ ಮೇಲ್ ಗಾಡಿ ತಡವಾಯಿತು. ಬೆಳಗಿನ ಕಾನ್ಫರೆನ್ಸಿನಲ್ಲಿ ಮೇಲಿನವರು ನನ್ನನ್ನು ಕೇಳುವ ಪ್ರಶ್ನೆಗಳು ಆಗಲೇ ನನ್ನ ಕಿವಿಯಲ್ಲಿ ಮೊಳಗುತ್ತಿದ್ದವು. ಆ ಭಯವನ್ನು ಕೆಳಗಿನವರ ಮೇಲೆ ಸುರಿದೆ. "ಮಾಸ್ಟರೇ, ಇನ್ನೊಮ್ಮೆ ಹೊಗೆ ವಾಸನೆ ಬಂದರೆ ಮೊದಲು ನಿಮ್ಮ ಬೀಡಿ ಎಲ್ಲಿದೆ ನೋಡಿಕೊಳ್ಳಿ" ಎಂದೆ. ತಂತಿಯ ಮೇಲೆ ನಾಲ್ಕಾರು ಕಡೆಯಿಂದ ನಗು ಕೇಳಿಸಿತು. ಆ ನಗು ನನಗೆ ಹಿತವಾಗಿಯೇ ಇತ್ತು ಎಂಬುದನ್ನು ಮುಚ್ಚಿಡಲಾರೆ.

ಎರಡು ತಿಂಗಳ ಬಳಿಕ ಅದೇ ನಿಲ್ದಾಣ, ಅವರೇ ಡ್ಯೂಟಿಯಲ್ಲಿದ್ದರು. ಗೂಡ್ಸ್ ಗಾಡಿಯೊಂದು ಹಾದುಹೋಯಿತು, "ಆಲ್ ರೈಟ್" ಎಂದು ವರದಿ ಬಂತು. ಅಲ್ಲಿಂದ ಎರಡನೆಯ ನಿಲ್ದಾಣದವರು ಗಾಬರಿಯಿಂದ ಕೂಗಿ ಗಾಡಿಯನ್ನು ನಿಲ್ಲಿಸಿದರು. ಒಂದು ವ್ಯಾಗನ್ನಿನ ಆಕ್ಸಲ್ ಕೆಂಪಗೆ ಹೊಳೆಯುತ್ತಿತ್ತು. ದೈವಕೃಪೆಯಿಂದ ಅನಾಹುತವಾಗಲಿಲ್ಲ. ವ್ಯಾಗನ್ನನ್ನು ಬಿಚ್ಚಿ ಲೂಪ್ ಲೈನಿನಲ್ಲಿ ಬಿಟ್ಟರು. ವಿಚಾರಣೆಯಲ್ಲಿ ಆ ಮಾಸ್ಟರು "ನನಗೆ ಹೊಗೆ ಕಾಣಿಸಲಿಲ್ಲ" ಎಂದು ಬರೆದುಕೊಟ್ಟರು. 1968ರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳ ಪ್ರಕಾರ ಚಾರ್ಜ್‌ಶೀಟ್ ಆಗಿ ಒಂದು ವರ್ಷದ ಇಂಕ್ರಿಮೆಂಟು ನಿಂತಿತು. ವಿಚಾರಣೆಯಲ್ಲಿ ನನ್ನನ್ನೂ ಕರೆದಿದ್ದರು. ಗಾಡಿಯ ವೇಳೆ ಕೇಳಿದರು, ಹೇಳಿದೆ. ಎರಡು ತಿಂಗಳ ಹಿಂದೆ ನಾನಾಡಿದ ಮಾತನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹುಡುಗನ ಮಾತು ಕೇಳಿದ ಮೇಲೆ ಮಹಾಭಾರತವನ್ನು ಈ ಒಂದು ದೃಷ್ಟಿಯಿಂದ ಮತ್ತೆ ತೆಗೆದು ನೋಡಿದೆ. ಉದ್ಯೋಗಪರ್ವದಲ್ಲಿ ಭೀಷ್ಮರು ಎರಡೂ ಸೈನ್ಯಗಳ ವೀರರನ್ನು ರಥರು, ಅತಿರಥರು ಎಂದು ಗಣಿಸುವ ಪ್ರಕರಣವಿದೆ. ತುಂಬಿದ ಸಭೆಯಲ್ಲಿ ಅವರು ಕರ್ಣನನ್ನು ಅರ್ಧರಥನೆಂದರು. ದ್ರೋಣರೂ ಅದಕ್ಕೆ ಹೌದೆಂದರು. ಕರ್ಣನ ವಿಷಯದಲ್ಲಿ ನಮ್ಮ ಆಚಾರ್ಯರ ನಿರ್ಣಯವೇನೆಂಬುದು ವಾಚಕರಿಗೆ ತಿಳಿದೇ ಇದೆ, ಅವನನ್ನು ಕೊಂಡಾಡುವುದು ನನ್ನ ಉದ್ದೇಶವಲ್ಲ. ಆದರೆ ಸೇನಾಪತಿಯ ಆ ಒಂದು ಮಾತಿನ ಪರಿಣಾಮವನ್ನು ಲೆಕ್ಕ ಹಾಕಿ ನೋಡಬೇಕು. ಭೀಷ್ಮರು ಬದುಕಿರುವವರೆಗೆ ಯುದ್ಧ ಮಾಡೆನೆಂದು ಕರ್ಣ ಶಪಥ ಮಾಡಿದ. ಹದಿನೆಂಟು ದಿನಗಳ ಯುದ್ಧದಲ್ಲಿ ಮೊದಲ ಹತ್ತು ದಿನ ಕೌರವರ ಪಕ್ಷದ ಅತಿದೊಡ್ಡ ಧನುರ್ಧರರಲ್ಲೊಬ್ಬ ಬಿಡಾರದಲ್ಲಿ ಕುಳಿತಿದ್ದ. ಸ್ವಾಮಿಯಾದ ದುರ್ಯೋಧನನೋ, ಇಬ್ಬರೂ ನನ್ನ ಕಾರ್ಯವನ್ನೇ ಮಾಡತಕ್ಕವರು ಎಂದಿಷ್ಟು ಹೇಳಿ ಮುಂದಿನ ಗಣನೆಗೆ ತಿರುಗಿದ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮರು, ನಿನ್ನ ತೇಜಸ್ಸನ್ನು ಕುಗ್ಗಿಸಲೆಂದೇ ಹಾಗೆ ಕಠಿಣವಾಗಿ ಆಡಿದೆನೆಂದು ಕರ್ಣನಿಗೆ ತಾವೇ ಹೇಳಿದ್ದಾರೆ. ಭೀಷ್ಮರಿಗೆ ಯುದ್ಧವನ್ನೇ ತಪ್ಪಿಸುವ ಇಚ್ಛೆಯಿತ್ತು, ಕಾರಣವಿತ್ತು. ಅಂಥ ಯಾವ ಕಾರಣವೂ ಇಲ್ಲದೆ, ಕೇವಲ ಬೆಳಗಿನ ಕಾನ್ಫರೆನ್ಸಿಗೆ ಹೆದರಿ, ನಮ್ಮಂಥವರು ಪ್ರತಿದಿನ ಮಾಡುವುದೂ ಅದೇ ತೇಜೋವಧೆಯೇ.

ಕರ್ಣನ ಕಡೆಯಿಂದಲೂ ನೋಡಬೇಕು. ಉಪ್ಪು ತಿಂದವನ ಕಾರ್ಯಕ್ಕಿಂತ ತನ್ನ ಅಭಿಮಾನವನ್ನು ಮೇಲೆ ಇಟ್ಟದ್ದು ಅವನ ತಪ್ಪು. ಹೊಗೆಯನ್ನು ಕಂಡೂ ಹೇಳದ ಸ್ಟೇಷನ್ ಮಾಸ್ಟರನದೂ ತಪ್ಪೇ. ರೈಲ್ವೆಯ ಸಾಮಾನ್ಯ ನಿಯಮಗಳು ಸುರಕ್ಷತೆಗೆ ಭಂಗ ತರುವುದೇನನ್ನು ಕಂಡರೂ ತಿಳಿಸುವುದನ್ನು ಪ್ರತಿ ನೌಕರನ ಕರ್ತವ್ಯವೆಂದು ವಿಧಿಸಿವೆ. ಕಂಟ್ರೋಲರ್ ಒಳ್ಳೆಯ ಮಾತಿನವನಾಗಿದ್ದರೆ ಮಾತ್ರ ಎಂಬ ಷರತ್ತು ಅಲ್ಲಿಲ್ಲ. ಅವರ ತಪ್ಪಿನಿಂದ ನನ್ನದು ಕಡಿಮೆಯಾಗುವುದಿಲ್ಲ, ನನ್ನದರಿಂದ ಅವರದೂ ಕಡಿಮೆಯಾಗುವುದಿಲ್ಲ. ಪಾಪವು ಅಣ್ಣತಮ್ಮಂದಿರ ಜಮೀನಿನಂತೆ ಹಿಸ್ಸೆಯಾಗುವ ವಸ್ತುವಲ್ಲ, ಪ್ರತಿಯೊಬ್ಬನಿಗೂ ಪೂರ್ತಿಯಾಗಿಯೇ ಬರುತ್ತದೆ. ಇಲಾಖೆಗಳಲ್ಲಿ ವಿಚಾರಣೆ ನಡೆಸುವವರಿಗೆ ಈ ಮಾತು ಹಿಡಿಸುವುದಿಲ್ಲ. ಅವರಿಗೆ ಒಬ್ಬ ಅಪರಾಧಿ ಸಿಕ್ಕರೆ ಸಾಕು, ಫೈಲು ಮುಗಿಯುತ್ತದೆ.

ಇಂಥ ಸಂಗತಿಗಳು ಇಂದಿನ ಕಾರ್ಪೊರೇಟ್ ಯುಗದ ಸೂಕ್ಷ್ಮಗಳೆಂದು ತರುಣರು ಭಾವಿಸಬೇಕಾಗಿಲ್ಲ. ಕೌಟಿಲ್ಯನನ್ನು ನಿಷ್ಠುರನೆಂದು ಎಲ್ಲರೂ ಹೇಳುತ್ತಾರೆ. ಆದರೆ ಅವನ ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ರಾಜನನ್ನು ಆಶ್ರಯಿಸಿದವನು ಹೇಗೆ ವರ್ತಿಸಬೇಕೆಂದು ಹೇಳಿದ ಮೇಲೆ, ರಾಜನ ಪ್ರಸನ್ನತೆಯ ಮತ್ತು ಅಪ್ರಸನ್ನತೆಯ ಚಿಹ್ನೆಗಳನ್ನು ಒಂದೊಂದಾಗಿ ಎಣಿಸಿದ್ದಾನೆ. ಕಂಡಾಗ ಮುಖ ಅರಳುವುದೋ ಸಿಡುಕುವುದೋ, ಮಾತಿಗೆ ಕಿವಿಗೊಡುವನೋ ಇಲ್ಲವೋ, ಆಸನ ಕೊಡುವನೋ ಇಲ್ಲವೋ, ಧ್ವನಿಯೂ ಮುಖವರ್ಣವೂ ಬದಲಾದವೋ ಎಂದು. ಆಶ್ರಿತನು ಸ್ವಾಮಿಯ ಮುಖವನ್ನು ದಿನವಿಡೀ ಓದುತ್ತಿರುತ್ತಾನೆ ಎಂಬುದು ಆ ಮಹಾನುಭಾವನಿಗೆ ಗೊತ್ತಿತ್ತು. ಸ್ವಾಮಿಗೆ ಮಾತ್ರ ತನ್ನ ಮುಖ ಯಾವಾಗ ಹೇಗಿತ್ತೆಂಬುದೇ ನೆನಪಿರುವುದಿಲ್ಲ. ನಾನು ಸೇವೆಗೆ ಸೇರಿದ 1983ರಲ್ಲಿ ಸಾಹೇಬರ ಕೋಣೆಯಲ್ಲಿ ಇನ್‌ಸ್ಪೆಕ್ಟರರು ನಿಂತೇ ಮಾತಾಡುತ್ತಿದ್ದರು. ನಾಲ್ಕು ಕುರ್ಚಿಗಳು ಖಾಲಿ ಇರುತ್ತಿದ್ದವು. ನಿವೃತ್ತಿಗೆ ಎರಡು ವರ್ಷವಿದ್ದ ಇನ್‌ಸ್ಪೆಕ್ಟರೊಬ್ಬರು ಒಮ್ಮೆ ಹೊರಗೆ ಬಂದು ಬಹು ಸಂತೋಷದಿಂದ, "ಇವತ್ತು ಕೂತ್ಕೊಳ್ಳಿ ಅಂದ್ರು ಕಣ್ರೀ" ಎಂದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ದಿನ ಅವರು ಮನೆಗೆ ಹೋದದ್ದು ರಾತ್ರಿ ಒಂಬತ್ತಕ್ಕೆ. ಯಾರೂ ಹಾಗೆ ಹೇಳಿರಲಿಲ್ಲ.

ಮುಖವನ್ನು ಓದುವ ಈ ಆತಂಕಕ್ಕೆ ಕಾಗದದ ರೂಪವೂ ಇತ್ತು. ಸರಕಾರಿ ಸೇವೆಯಲ್ಲಿದ್ದವರಿಗೆಲ್ಲ ಅದರ ಪರಿಚಯವಿದೆ: ವಾರ್ಷಿಕ ಗೋಪ್ಯ ವರದಿ, ನಮ್ಮ ಬಾಯಲ್ಲಿ ಸಿ.ಆರ್. ಮೇಲಧಿಕಾರಿ ಬರೆದುದರಲ್ಲಿ ಪ್ರತಿಕೂಲವಾದ ಅಂಶವಿದ್ದರೆ ಮಾತ್ರ ತಿಳಿಸುತ್ತಿದ್ದರು. "ಉತ್ತಮ" ಎಂದು ಬರೆದಿದ್ದರೆ ತಿಳಿಸುತ್ತಿರಲಿಲ್ಲ. ಬಡ್ತಿಗೆ "ಅತ್ಯುತ್ತಮ" ಬೇಕಾಗಿದ್ದಲ್ಲಿ ಆ "ಉತ್ತಮ"ವೇ ಮನುಷ್ಯನನ್ನು ಕೆಳಗೆ ಉಳಿಸುತ್ತಿತ್ತು, ಮತ್ತು ತಾನೇಕೆ ಉಳಿದೆನೆಂಬುದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಗಡಿರಸ್ತೆಗಳ ಸೇವೆಯಲ್ಲಿದ್ದ ಇಂಜಿನಿಯರೊಬ್ಬರು ಇದನ್ನೇ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋದರು. ದೇವ್ ದತ್ತ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ 2008ರಲ್ಲಿ ನ್ಯಾಯಾಲಯವು ಒಳ್ಳೆಯದಿರಲಿ ಕೆಟ್ಟದಿರಲಿ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕೆಂದು ತೀರ್ಪಿತ್ತಿತು. ಮರುವರ್ಷದಿಂದ ವರದಿಯ ಹೆಸರೂ ಬದಲಾಗಿ, ಇಡೀ ವರದಿಯನ್ನು ನೌಕರನಿಗೆ ತೋರಿಸುವ ಪದ್ಧತಿ ಬಂತು. ಬಹು ಯೋಗ್ಯವಾದ ತೀರ್ಪು. ಆದರೆ ನಾನು ಕಂಡ ಮಟ್ಟಿಗೆ ಹೇಳುವುದಾದರೆ, ಅನಂತರ ವರದಿ ಬರೆಯುವವರು ಎಲ್ಲರಿಗೂ ಒಂದೇ ಮಾದರಿಯ ಹೊಗಳಿಕೆ ಬರೆದು ಪಾರಾದರು. ಮೊದಲು ಹೇಳದೆ ಕೊಲ್ಲುತ್ತಿದ್ದರು, ಈಗ ಹೇಳಬೇಕಾದುದನ್ನೂ ಹೇಳುವುದಿಲ್ಲ. ತಪ್ಪನ್ನು ಎದುರಿಗೆ, ಒಬ್ಬನೇ ಇರುವಾಗ, ಅವಮಾನವಾಗದಂತೆ ಹೇಳುವ ವಿದ್ಯೆಯನ್ನು ಯಾವ ನ್ಯಾಯಾಲಯವೂ ಕಲಿಸಲಾರದು.

ಇಷ್ಟು ಹೊತ್ತು ಮೇಲಿನವರ ಮಾತಾಯಿತು. ಆ ಹುಡುಗ ಇನ್ನೊಂದು ಸಂಗತಿಯನ್ನೂ ಹೇಳಿದ್ದ: ಅವನು ನಕ್ಕನೆಂದು ಉಳಿದವರೂ ನಗುತ್ತಾರೆ. ಸಹೋದ್ಯೋಗಿಗಳ ಪ್ರಭಾವ ಕೆಲವೊಮ್ಮೆ ಅಧಿಕಾರಿಯದಕ್ಕಿಂತ ದೊಡ್ಡದು. ಅಮೆರಿಕದ ಶಿಕಾಗೋ ಬಳಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳನ್ನು ಮ್ಯಾನೇಜ್‌ಮೆಂಟ್ ಓದಿದವರೆಲ್ಲ ಬಲ್ಲರು. ಅಲ್ಲಿ ಹೆಣ್ಣುಮಕ್ಕಳ ಒಂದು ಸಣ್ಣ ಗುಂಪಿಗೆ ಗಮನವೂ ಮನ್ನಣೆಯೂ ದೊರೆತುದರಿಂದ ಕೆಲಸ ಹೆಚ್ಚಿತೆಂದು ಪ್ರಸಿದ್ಧಿ. ಅದನ್ನು ಅನಂತರದ ವಿದ್ವಾಂಸರು ಸಂದೇಹಿಸಿದ್ದೂ ಉಂಟು. ಆ ಗುಂಪಿನಲ್ಲಿ ಮಾತು ಹೆಚ್ಚೆಂದು ಇಬ್ಬರನ್ನು 1928ರಲ್ಲಿ ಬದಲಾಯಿಸಿದ್ದರೆಂಬುದನ್ನು ಉಪನ್ಯಾಸಕರು ಸಾಮಾನ್ಯವಾಗಿ ಹೇಳುವುದಿಲ್ಲ. ನನಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ಅದೇ ಕಾರ್ಖಾನೆಯ ಇನ್ನೊಂದು ಕೋಣೆ, ತಂತಿ ಜೋಡಿಸುವ ಹದಿನಾಲ್ಕು ಗಂಡಸರದು. ದಿನಕ್ಕೆ ಇಷ್ಟೇ ಕೆಲಸವೆಂದು ಅವರವರಲ್ಲೇ ಗೊತ್ತುಮಾಡಿಕೊಂಡಿದ್ದರು. ಹೆಚ್ಚು ಮಾಡಿದವನ ತೋಳಿಗೆ ಪಕ್ಕದವನು ಗುದ್ದುತ್ತಿದ್ದ. ಕೂಲಿ ಹೆಚ್ಚುತ್ತದೆಂಬ ಆಸೆ ಆ ಗುದ್ದಿನ ಮುಂದೆ ನಿಲ್ಲಲಿಲ್ಲ. ನಮ್ಮ ಯಾರ್ಡುಗಳಲ್ಲಿ ಗುದ್ದು ಇರಲಿಲ್ಲ, "ಏನಪ್ಪಾ, ಜನರಲ್ ಮ್ಯಾನೇಜರ್ ಆಗ್ತೀಯಾ?" ಎಂಬ ಒಂದು ಪ್ರಶ್ನೆಯಿತ್ತು. ಹೊಸದಾಗಿ ಸೇರಿದ ಎಷ್ಟೋ ಚುರುಕಾದ ಹುಡುಗರು ಆ ಪ್ರಶ್ನೆಗೆ ಹೆದರಿ ಆರು ತಿಂಗಳಲ್ಲಿ ಮಂದವಾದದ್ದನ್ನು ನೋಡಿದ್ದೇನೆ.

ಜೊತೆಯವನ ಮಾತಿನಿಂದ ಕೈ ಕುಗ್ಗುವುದಕ್ಕೆ ಶಲ್ಯನಿಗಿಂತ ದೊಡ್ಡ ದೃಷ್ಟಾಂತ ಬೇಡ. ಹದಿನೇಳನೆಯ ದಿನ ಅವನು ಕರ್ಣನ ಸಾರಥಿಯಾದ. ಮದ್ರದೇಶದ ರಾಜನಿಗೆ ಸೂತಪುತ್ರನ ರಥ ನಡೆಸುವುದು ಅವಮಾನವೆನಿಸಿತ್ತು. ದುರ್ಯೋಧನ ತ್ರಿಪುರದಹನದ ಕಥೆ ಹೇಳಿ, ಶಿವನಿಗೆ ಬ್ರಹ್ಮನೇ ಸಾರಥಿಯಾಗಲಿಲ್ಲವೇ ಎಂದು ಪುಸಲಾಯಿಸಿ ಒಪ್ಪಿಸಿದ. ಬಾಯಿಗೆ ಬಂದದ್ದನ್ನು ಆಡುವ ಸ್ವಾತಂತ್ರ್ಯ ತನಗಿರಬೇಕೆಂಬುದು ಶಲ್ಯನ ಷರತ್ತು. ಅವನು ಕುದುರೆಗಳನ್ನು ಕೆಟ್ಟದಾಗಿ ನಡೆಸಲಿಲ್ಲ, ಹಗ್ಗ ಬಿಡಲಿಲ್ಲ. ಕೆಲಸದಲ್ಲಿ ದೋಷ ಹಿಡಿಯುವಂತಿರಲಿಲ್ಲ. ಹಂಸಗಳೊಡನೆ ಹಾರಲು ಹೋಗಿ ಸಮುದ್ರದಲ್ಲಿ ಬಿದ್ದ ಕಾಗೆಯ ಕಥೆಯನ್ನು ಮಾತ್ರ ಹೇಳಿದ, ಅರ್ಜುನನನ್ನು ಹೊಗಳಿದ. ಕರ್ಣನೂ ಸುಮ್ಮನಿರದೆ ಮದ್ರದೇಶದವರನ್ನೆಲ್ಲ ಬೈದ. ಶತ್ರುವಿನ ಎದುರು ನಿಲ್ಲಬೇಕಾದ ಹೊತ್ತಿನಲ್ಲಿ ಒಂದೇ ರಥದ ಮೇಲೆ ಜಗಳ! ಇಂಥ ಶಲ್ಯರು ಪ್ರತಿ ಕಚೇರಿಯಲ್ಲಿಯೂ ಇದ್ದಾರೆ. ಹಾಜರಿ ಸರಿ, ಕಡತ ಸರಿ, ನಾಲಗೆ ಮಾತ್ರ ಇನ್ನೊಬ್ಬನ ತೇಜಸ್ಸನ್ನು ನೆಕ್ಕುತ್ತಿರುತ್ತದೆ. ಮನಸ್ಸಿಲ್ಲದವನನ್ನು ಮುಖಸ್ತುತಿಯಿಂದ ಒಪ್ಪಿಸಿ ಜೊತೆಗೆ ಕೂರಿಸಿದ ದುರ್ಯೋಧನರೂ ಇದ್ದಾರೆ.

ರೈಲಿನ ಇಂಜಿನ್ನಿನಲ್ಲಿಯೂ ಇಬ್ಬರಿರುತ್ತಾರೆ, ಡ್ರೈವರು ಮತ್ತು ಸಹಾಯಕ. ಸಿಗ್ನಲ್ ಕಂಡೊಡನೆ ಅದು ಕೆಂಪೋ ಹಸಿರೋ ಎಂಬುದನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳಬೇಕೆಂಬುದು ನಿಯಮ. ಇಬ್ಬರಲ್ಲಿ ಮಾತು ಬಿಟ್ಟಿದ್ದರೆ ಈ ಕೂಗು ಅರ್ಥವಿಲ್ಲದ ಮಂತ್ರಪಠನದಂತಾಗುತ್ತದೆ. ಬಾಯಿ ಹೇಳುತ್ತದೆ, ಕಣ್ಣು ನೋಡಿರುವುದಿಲ್ಲ. ನನಗೆ ತಿಳಿದಿದ್ದ ಒಬ್ಬ ವೃದ್ಧ ಡ್ರೈವರರು ಹೊಸ ಸಹಾಯಕ ಬಂದ ಮೊದಲ ದಿನವೇ, "ಈ ಟ್ರಿಪ್ಪಿನಲ್ಲಿ ನನ್ನದೊಂದು ತಪ್ಪು ಹಿಡಿ, ಚಹಾ ನನ್ನದು" ಎನ್ನುತ್ತಿದ್ದರು. ಹುಡುಗರು ಮೊದಲು ನಗುತ್ತಿದ್ದರು, ಆಮೇಲೆ ನಿಜವಾಗಿಯೂ ಹುಡುಕತೊಡಗುತ್ತಿದ್ದರು. ಏಕೆ ಹೀಗೆಂದು ಕೇಳಿದೆ. "ನಾನು ಕೆಂಪಿನ ಮೇಲೆ ಹೋಗುವ ದಿನ ಇವನು ನನ್ನ ಕೈ ಹಿಡಿಯಬೇಕಲ್ಲ ಸಾರ್. ಆ ಧೈರ್ಯ ಆ ದಿನ ಎಲ್ಲಿಂದ ಬರುತ್ತೆ? ಇವತ್ತಿನಿಂದಲೇ ಕೊಟ್ಟಿರಬೇಕು" ಎಂದರು. ಅವರು ಓದಿದ್ದು ಏಳನೆಯ ತರಗತಿ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಕುರುಕ್ಷೇತ್ರದಲ್ಲಿ ಇನ್ನೊಬ್ಬ ಸಾರಥಿಯೂ ಇದ್ದ. ಫಲಾಪೇಕ್ಷೆ ಬಿಟ್ಟು ಕರ್ಮ ಮಾಡೆಂದು ಹೇಳಿದವನು ಅವನೇ. ಸರ್ವಸ್ವಾಮಿಯಾದವನು ಕೆಳಗಿನ ಆಸನದಲ್ಲಿ, ಕುದುರೆಯ ಹಗ್ಗ ಹಿಡಿದು ಕುಳಿತು ಹೇಳಿದ. ಮೊದಲಿಗೆ ಒಂದು ಬಿರುಸು ಮಾತಾಡಿದನಾದರೂ, ಅನಂತರ ಅರ್ಜುನ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ. ಕೇಳಿದ್ದನ್ನೇ ಮತ್ತೆ ಕೇಳಿದಾಗಲೂ ಬೇಸರಿಸಲಿಲ್ಲ. ಕೊನೆಗೆ, ಎಲ್ಲವನ್ನೂ ವಿಮರ್ಶಿಸಿ ನಿನಗೆ ತೋರಿದಂತೆ ಮಾಡೆಂದು ಬಿಟ್ಟುಕೊಟ್ಟ. ಆ ಉಪದೇಶವನ್ನು ಆ ಆಸನದಿಂದ ಕಿತ್ತು, ಇಂಕ್ರಿಮೆಂಟು ಕೊಡುವ ಅಧಿಕಾರವಿರುವ ಕುರ್ಚಿಯ ಮೇಲೆ ಕುಳಿತು, ಕೊಡದಿರುವುದಕ್ಕೆ ನೆಪವಾಗಿ ಹೇಳಿದಾಗ ಅಕ್ಷರಗಳು ಅವೇ ಇದ್ದರೂ ಅರ್ಥ ಅದೇ ಅಲ್ಲ. ಫಲದ ಆಸೆ ಬಿಡಬೇಕೆಂದು ಮನುಷ್ಯ ತನಗೆ ತಾನೇ ಹೇಳಿಕೊಳ್ಳಬೇಕು. ಇನ್ನೊಬ್ಬನ ದುಡಿಮೆಯ ಫಲ ತನ್ನ ಕೈಯಲ್ಲಿರುವವನು ಅದನ್ನು ಅವನಿಗೆ ಹೇಳತಕ್ಕದ್ದಲ್ಲ. ದಾಸನೆನಿಸಿಕೊಳ್ಳುವುದು ನಮ್ಮ ಸಂಪ್ರದಾಯದಲ್ಲಿ ಹೆಮ್ಮೆಯ ಮಾತು, ನಿಜ. ಅದು ಹರಿಗೆ ಸಲ್ಲತಕ್ಕದ್ದು. ಕಚೇರಿಯ ಸಾಹೇಬ ಅದನ್ನು ನಡುದಾರಿಯಲ್ಲಿ ತೆಗೆದುಕೊಳ್ಳುವಂತಿಲ್ಲ.

ಹಾಗೆಂದು ಹುಡುಗನನ್ನು ನಾನು ಬಿಟ್ಟುಬಿಡಲಿಲ್ಲ. ಮುಂದಿನ ವಾರ ಕರೆದು ಹೇಳಿದೆ: ಕೆಲಸ ಬಿಡುವುದು ಪಾಪವಲ್ಲ, ಆದರೆ ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಂಡು ಬಿಟ್ಟರೆ ಅದು ಮುಂದಿನ ಕೆಲಸಕ್ಕೂ ನಿನ್ನ ಹಿಂದೆಯೇ ಬರುತ್ತದೆ. ತಪ್ಪು ಕಂಡರೆ ಬಾಯಲ್ಲಿ ಹೇಳಲು ಆಗದಿದ್ದರೆ ಬರೆದು ತಿಳಿಸು, ಪ್ರತಿ ಇಟ್ಟುಕೋ. ಅವನು ಒಪ್ಪಿದನೋ ಇಲ್ಲವೋ ತಿಳಿಯದು. ಆದರೆ ಆ ಸ್ಟೇಷನ್ ಮಾಸ್ಟರರ ಕಥೆಯನ್ನು ಪೂರ್ತಿ ಕೇಳಿದ. ಮುಂದೇನಾಯಿತೆಂದು ಅವನೇ ಕೇಳಿದ.

2004ರಲ್ಲಿ ನಾನು ಅಧಿಕಾರಿಯಾಗಿ ಅದೇ ಮಾರ್ಗದ ತಪಾಸಣೆಗೆ ಹೋಗಿದ್ದೆ. ಅವರು ನಿವೃತ್ತರಾಗಿ ಅದೇ ಊರಿನಲ್ಲಿ ಇದ್ದಾರೆಂದು ತಿಳಿಯಿತು. ಸಂಜೆ ಮನೆ ಹುಡುಕಿಕೊಂಡು ಹೋದೆ. ಗುರುತು ಹಿಡಿದರು, ಎದ್ದು ನಿಂತರು, ನಾನು ಕೂರುವವರೆಗೆ ಕೂರಲಿಲ್ಲ. ಅವರ ಮನೆಯವರು ಕಾಫಿ ತಂದಿಟ್ಟರು. ಹಳೆಯ ಮಾತು ನಾನೇ ತೆಗೆದೆ, ಬೀಡಿಯ ಮಾತು ಆಡಬಾರದಿತ್ತು ಎಂದೆ. ಅವರು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು.

"ಹೊಗೆ ಕಂಡಿತ್ತು ಸಾರ್. ಕೈದೀಪದಲ್ಲಿ ಕೆಂಪು ಗಾಜು ತಿರುಗಿಸೋಕೆ ಹೋದೆ. ಅಷ್ಟರಲ್ಲಿ ಆವತ್ತಿನ ನಗು ಕೇಳಿಸಿದ ಹಾಗಾಯಿತು. ಹಸಿರನ್ನೇ ತೋರಿಸಿಬಿಟ್ಟೆ. ಆಮೇಲೆ ಅವರು ಮುಂದೆ ನಿಲ್ಲಿಸಿದ ಸುದ್ದಿ ಬರುವವರೆಗೆ ಒಂದು ಗಂಟೆ ಪ್ಲಾಟ್‌ಫಾರಮ್ಮಿನ ಮೇಲೇ ನಿಂತಿದ್ದೆ."

ಹುಡುಗ ಕೇಳಿದ, "ನೀವೇನಂದ್ರಿ ಕಾಕಾ?"

ಏನೂ ಅನ್ನಲಿಲ್ಲ. ಕಾಫಿ ಕುಡಿದು ಬಂದೆ. ಆ ಒಂದು ವರ್ಷದ ಇಂಕ್ರಿಮೆಂಟು ನಿಂತ ಷರಾ ಅವರ ಸರ್ವಿಸ್ ರಿಜಿಸ್ಟರಿನಲ್ಲಿ ಕೊನೆಯವರೆಗೂ ಇತ್ತು. 2019ರಲ್ಲಿ ನಿವೃತ್ತನಾಗುವಾಗ ನನ್ನ ದಾಖಲೆಗಳನ್ನು ಒಮ್ಮೆ ತಿರುವಿ ನೋಡಿದೆ. ಅದರಲ್ಲಿ ಆ ರಾತ್ರಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ.